ಚೆನ್ನಾಗಿತ್ತು ಅಂದರೆ ಸಾಕೇ?

(ಕಲಿಕಾ ಕೇಂದ್ರದ ತಾಯಂದಿರ ಸಭೆಯಲ್ಲಿ ಆಡಿದ ಮಾತು)



ನಾವೂ ನಿಮ್ಮ ಹಾಗೆಯೇ. ಹಗಲೆಲ್ಲ ಹೊಲ, ಮನೆ, ದನ, ಕರು. ಸಂಜೆಯಾದರೆ ಸ್ಲೇಟು, ಬಳಪ. ನಮ್ಮ ಕಲಿಕಾ ಕೇಂದ್ರದಲ್ಲಿ ಹದಿನಾಲ್ಕು ಜನ ಹೆಂಗಸರು ಇದ್ದೇವೆ. ಮೊದಲು ನಾವು ಹೆಬ್ಬೆಟ್ಟು ಒತ್ತುತ್ತಿದ್ದೆವು. ಈಗ ನಮ್ಮ ಹೆಸರು ನಾವೇ ಬರೆಯುತ್ತೇವೆ. ಬಸ್ಸಿನ ಬೋರ್ಡು ಓದುತ್ತೇವೆ. ರೇಷನ್ ಅಂಗಡಿಯ ಲೆಕ್ಕ ನೋಡುತ್ತೇವೆ.

ಇವತ್ತು ನಮ್ಮ ಕೇಂದ್ರದಲ್ಲಿ ನಡೆದ ಒಂದು ಸಂಗತಿ ಹೇಳ್ತೀವಿ. ಇದು ಹೆರಿಗೆ ಆಸ್ಪತ್ರೆಯ ಸಂಗತಿ. ನಮ್ಮೆಲ್ಲರ ಸಂಗತಿ.

ಒಂದು ಸಂಜೆಯ ಮಾತು

ಒಂದು ಸಂಜೆ ನಮ್ಮ ಕೇಂದ್ರಕ್ಕೆ ಒಬ್ಬ ತಂಗಿ ಬಂದಳು. ಕಂಕುಳಲ್ಲಿ ಮೂರು ತಿಂಗಳ ಕೂಸು. ಚೊಚ್ಚಲ ಹೆರಿಗೆ. ತವರಿನಲ್ಲಿ ಬಾಣಂತನ ಮುಗಿಸಿ ಬಂದಿದ್ದಳು.

ನಾವೆಲ್ಲ ಕೂಸನ್ನು ಎತ್ತಿ ಆಡಿಸಿದೆವು. ಆಮೇಲೆ ಕೇಳಿದೆವು: "ಆಸ್ಪತ್ರೆಯಲ್ಲಿ ಹೇಗೆ ನೋಡಿಕೊಂಡರು ತಂಗಿ?"

"ಚೆನ್ನಾಗಿ ನೋಡ್ಕೊಂಡ್ರು ಅಕ್ಕಾ" ಅಂದಳು.

ಅಷ್ಟೇ. ಮಾತು ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅವಳ ಮುಖ ಬೇರೆ ಏನೋ ಹೇಳುತ್ತಿತ್ತು. ನಮ್ಮಲ್ಲಿ ಒಬ್ಬ ಅಕ್ಕ ಮೆಲ್ಲಗೆ ಒಂದೊಂದೇ ಕೇಳಿದರು.

"ಬೇನೆ ತಿನ್ನುವಾಗ ನಿನ್ನ ಹತ್ತಿರ ಯಾರಿದ್ದರು?"

"ಯಾರೂ ಇರ್ಲಿಲ್ಲ. ಅಮ್ಮನ್ನ ಹೊರಗೆ ಕಳಿಸಿದ್ರು."

"ನೀರು ಕೊಟ್ಟರಾ?"

"ಕೇಳ್ದೆ. ಸುಮ್ನೆ ಮಲ್ಕೋ ಅಂದ್ರು."

"ಪರದೆ ಇತ್ತಾ?"

"ಇರ್ಲಿಲ್ಲ. ಬಾಗಿಲು ತೆಗೆದೇ ಇತ್ತು. ಜನ ಓಡಾಡ್ತಿದ್ರು."

"ಯಾರಾದರೂ ಬೈದರಾ?"

ತಂಗಿ ತಲೆ ತಗ್ಗಿಸಿದಳು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹೇಳಿದಳು: "ನೋವು ತಡೀಲಾರ್ದೆ ಕಿರುಚಿದೆ ಅಕ್ಕಾ. ತೊಡೆ ಮೇಲೆ ಹೊಡೆದ್ರು. ಗಂಡನ ಹತ್ರ ಹೋಗುವಾಗ ಕಿರುಚಿದ್ಯಾ ಅಂತ ಕೇಳಿದ್ರು."

ಕೇಂದ್ರದಲ್ಲಿ ಯಾರೂ ಮಾತಾಡಲಿಲ್ಲ. ಕೂಸು ಮಾತ್ರ ಅಳುತ್ತಿತ್ತು.

"ದುಡ್ಡು ಕೇಳಿದರಾ?"

"ಆಯಾ ಐನೂರು ತಗೊಂಡ್ಳು. ಕೊಡೋವರ್ಗೂ ಮಗೂನ ಕೈಗೆ ಕೊಡ್ಲಿಲ್ಲ."

ಆಗ ನಾವು ಕೇಳಿದೆವು: "ಮತ್ತೆ ಚೆನ್ನಾಗಿ ನೋಡಿಕೊಂಡರು ಅಂದೆಯಲ್ಲ ತಾಯಿ?"

ಅವಳು ಹೇಳಿದ ಮಾತು ನಮ್ಮ ಎದೆಗೆ ನಾಟಿತು. "ನಾನು ಬದುಕಿದ್ದೀನಿ. ಮಗೂನೂ ಬದುಕಿದೆ. ಇನ್ನೇನು ಕೇಳಲಿ ಅಕ್ಕಾ?"

ನಾವೂ ಹಾಗೇ ಹೇಳಿದ್ದೆವು

ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಯಾಕೆ ಗೊತ್ತೇ? ನಾವೂ ಹಾಗೇ ಹೇಳಿದ್ದೆವು. ನಮ್ಮ ಅತ್ತೆ ಕೇಳಿದಾಗ, ನೆರೆಯವರು ಕೇಳಿದಾಗ, ಆಸ್ಪತ್ರೆಯವರು ಕೇಳಿದಾಗ, ನಾವೂ "ಚೆನ್ನಾಗಿತ್ತು" ಅಂದಿದ್ದೆವು.

ಯಾಕೆ ಹಾಗೆ ಹೇಳುತ್ತೇವೆ? ನಾವು ಕೂತು ಯೋಚನೆ ಮಾಡಿದೆವು. ನಾಲ್ಕು ಕಾರಣ ಸಿಕ್ಕವು.

ಒಂದು: ಜೀವ ಉಳಿದ ಸಂತೋಷ. ಮಗುವಿನ ಮುಖ ನೋಡಿದ ಮೇಲೆ ಬೈಗುಳ ಮರೆತಂತೆ ಆಗುತ್ತದೆ. ಆದರೆ ಮರೆಯುವುದಿಲ್ಲ. ಒಳಗೆ ಕೂತಿರುತ್ತದೆ.

ಎರಡು: ಭಯ. ನಾಳೆ ಮಗುವಿಗೆ ಚುಚ್ಚುಮದ್ದು ಹಾಕಿಸಲು ಅಲ್ಲಿಗೇ ಹೋಗಬೇಕು. ಎರಡನೇ ಹೆರಿಗೆಗೂ ಅಲ್ಲಿಗೇ ಹೋಗಬೇಕು. ದೂರು ಹೇಳಿದರೆ ನೋಡುತ್ತಾರೋ ಇಲ್ಲವೋ?

ಮೂರು: ಕೇಳುವ ಜಾಗ. ವಾರ್ಡಿನಲ್ಲೇ ಕೇಳುತ್ತಾರೆ. ನರ್ಸಮ್ಮ ಪಕ್ಕದಲ್ಲೇ ನಿಂತಿರುತ್ತಾರೆ. ಆಗ ಯಾರು ತಾನೇ ನಿಜ ಹೇಳುತ್ತಾರೆ?

ನಾಲ್ಕು: ಇದೇ ದೊಡ್ಡ ಕಾರಣ. ನಮಗೆ ಏನು ಸಿಗಬೇಕು ಅಂತ ನಮಗೇ ಗೊತ್ತಿಲ್ಲ. ಹಾಲು ಕಾಣದವರಿಗೆ ಮಜ್ಜಿಗೆಯೇ ಹಾಲು. ಪರದೆ ಇರಬೇಕು ಅಂತ ಗೊತ್ತಿಲ್ಲದವಳು ಪರದೆ ಇಲ್ಲ ಅಂತ ಹೇಗೆ ಹೇಳಿಯಾಳು?

ಹಳೆಯ ಕಾಲ, ಈಗಿನ ಕಾಲ

ನಮ್ಮ ಕೇಂದ್ರದಲ್ಲಿ ಒಬ್ಬ ಅಜ್ಜಿ ಇದ್ದಾರೆ. ಎಪ್ಪತ್ತು ದಾಟಿದೆ. ಅವರೂ ಅಕ್ಷರ ಕಲಿಯುತ್ತಾರೆ. ಅವರ ಐದು ಹೆರಿಗೆಯೂ ಮನೆಯಲ್ಲೇ ಆದವು. ಅಜ್ಜಿ ಹೇಳಿದರು:

"ನಮ್ಮ ಸೂಲಗಿತ್ತಿ ಒಂದು ದಿನ ಗದರಲಿಲ್ಲ ಕಣ್ರೇ. ಬೆನ್ನು ನೀವೋಳು. ಕೈ ಹಿಡ್ಕೊಳ್ಳೋಳು. ಇನ್ನೊಂದು ಸಲ ಮುಕ್ಕು ಮಗಳೇ ಅನ್ನೋಳು. ಆದ್ರೆ ನನ್ನ ತಂಗಿ ಹೋದಳು. ಮಗು ಹುಟ್ತು, ರಕ್ತ ನಿಲ್ಲಲಿಲ್ಲ. ಗಾಡಿ ಕಟ್ಟಿ ಆಸ್ಪತ್ರೆಗೆ ಹೊರಟ್ವಿ. ದಾರೀಲೇ ಜೀವ ಹೋಯ್ತು."

ಅಜ್ಜಿಯ ಮಾತಿನಲ್ಲಿ ಎರಡು ನಿಜ ಇವೆ. ಎರಡನ್ನೂ ನಾವು ನೆನಪಿಡಬೇಕು.

ಮೊದಲ ನಿಜ: ಆಸ್ಪತ್ರೆ ಜೀವ ಉಳಿಸುತ್ತದೆ. ಹೆರಿಗೆಯಾದ ಮೇಲೆ ರಕ್ತ ಹೋಗತೊಡಗಿದರೆ ಒಂದೆರಡು ಗಂಟೆಯಲ್ಲೇ ತಾಯಿ ಸಾಯಬಹುದು. ಆಸ್ಪತ್ರೆಯಲ್ಲಿ ಮಗು ಹುಟ್ಟಿದ ಕೂಡಲೇ ತಾಯಿಗೆ ಒಂದು ಇಂಜೆಕ್ಷನ್ ಕೊಡುತ್ತಾರೆ. ಗರ್ಭಕೋಶ ಬಿಗಿಯಾಗುತ್ತದೆ. ರಕ್ತ ಕಡಿಮೆ ಹೋಗುತ್ತದೆ. ಅದೂ ಸಾಲದಿದ್ದರೆ ಬೇರೆ ಔಷಧಿ, ರಕ್ತ, ಆಪರೇಷನ್ ಇದೆ. ಮನೆಯಲ್ಲಿ ಇದು ಯಾವುದೂ ಇಲ್ಲ.

1992-93ರಲ್ಲಿ ಸರ್ಕಾರ ಒಂದು ದೊಡ್ಡ ಸಮೀಕ್ಷೆ ಮಾಡಿತು. ಆಗ ಕರ್ನಾಟಕದಲ್ಲಿ ನೂರು ಹೆರಿಗೆ ಆದರೆ ಅದರಲ್ಲಿ 40 ಕೂಡ ಆಸ್ಪತ್ರೆಯಲ್ಲಿ ಆಗುತ್ತಿರಲಿಲ್ಲ. 2019-21ರ ಸಮೀಕ್ಷೆಯಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲಿ ಆಗಿವೆ. ತಾಯಂದಿರ ಸಾವೂ ಕಡಿಮೆಯಾಗಿದೆ. 2001-03ರ ಲೆಕ್ಕದಲ್ಲಿ ನಮ್ಮ ರಾಜ್ಯದಲ್ಲಿ ಒಂದು ಲಕ್ಷ ಮಕ್ಕಳು ಹುಟ್ಟಿದರೆ 228 ತಾಯಂದಿರು ಸಾಯುತ್ತಿದ್ದರು. 2018-20ರ ಲೆಕ್ಕದಲ್ಲಿ ಅದು 69ಕ್ಕೆ ಇಳಿದಿದೆ. ಇದು ಸಣ್ಣ ಮಾತಲ್ಲ. ಆದ್ದರಿಂದ ಯಾರೂ ಹೆರಿಗೆಗೆ ಮನೆಯಲ್ಲಿ ಉಳಿಯಬೇಡಿ. ಆಸ್ಪತ್ರೆಗೇ ಹೋಗಿ.

ಎರಡನೇ ನಿಜ: ಸೂಲಗಿತ್ತಿಯ ಕೈಯಲ್ಲಿ ಪ್ರೀತಿ ಇತ್ತು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರ ಹೆಸರು ನೀವು ಕೇಳಿರಬಹುದು. ಅವರಿಗೆ ಓದು ಬರಹ ಇರಲಿಲ್ಲ. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ತಾಯಿ. ದುಡ್ಡು ಕೇಳಿದವರಲ್ಲ. 2018ರಲ್ಲಿ ಸರ್ಕಾರ ಅವರಿಗೆ ಪದ್ಮಶ್ರೀ ಕೊಟ್ಟಿತು. ಅದೇ ವರ್ಷ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.

ನಮಗೆ ಎರಡೂ ಬೇಕು. ಆಸ್ಪತ್ರೆಯ ಔಷಧಿಯೂ ಬೇಕು. ಸೂಲಗಿತ್ತಿಯ ಮಮತೆಯೂ ಬೇಕು. ಒಂದು ಬೇಕಾದರೆ ಇನ್ನೊಂದು ಬಿಡು ಅಂತ ನಮಗೆ ಯಾರೂ ಹೇಳಬಾರದು.

ಬೈದರೆ ಏನಾಗುತ್ತದೆ?

ಕೆಲವರು ಹೇಳುತ್ತಾರೆ: "ಬೈದರೆ ಏನಂತೆ? ನಿನ್ನ ಒಳ್ಳೇದಕ್ಕೇ ಬೈದರು."

ಅದು ತಪ್ಪು. ಒಂದು ಸಲ ಹೊಡೆತ ತಿಂದವಳು ಮುಂದಿನ ಸಲ ಏನು ಮಾಡುತ್ತಾಳೆ? ನೋವು ಬಂದರೂ ಹಲ್ಲು ಕಚ್ಚಿ ಮನೆಯಲ್ಲೇ ಕೂರುತ್ತಾಳೆ. ಕೊನೇ ಗಳಿಗೆಯಲ್ಲಿ ಹೋಗುತ್ತಾಳೆ. ಅಷ್ಟರಲ್ಲಿ ತಡವಾಗಿರುತ್ತದೆ. ಹೆದರಿದವಳು ವಾರ್ಡಿನಲ್ಲಿ ರಕ್ತ ಹೆಚ್ಚು ಹೋದರೂ ನರ್ಸಮ್ಮನನ್ನು ಕೂಗುವುದಿಲ್ಲ. "ಮತ್ತೆ ಬೈದಾರು" ಅಂತ ಸುಮ್ಮನಿರುತ್ತಾಳೆ. ನೋಡಿ, ಬೈಗುಳವೂ ಜೀವ ತೆಗೆಯಬಹುದು.

2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಡೀ ಜಗತ್ತಿಗೆ ಒಂದು ಮಾತು ಹೇಳಿತು. ಹೆರಿಗೆಯ ಸಮಯದಲ್ಲಿ ಮರ್ಯಾದೆಯಿಂದ ನೋಡಿಕೊಳ್ಳಬೇಕು, ಅದು ಪ್ರತಿ ಹೆಣ್ಣಿನ ಹಕ್ಕು ಎಂದಿತು. ನೋಡಿ, ನಮ್ಮ ಊರಿನಲ್ಲಿ ಮಾತ್ರ ಈ ಕಷ್ಟ ಇಲ್ಲ. ಬಹಳ ದೇಶಗಳಲ್ಲಿ ಇದೆ.

ನಮಗೆ ಏನು ಸಿಗಬೇಕು?

ಇದನ್ನು ಗಮನವಿಟ್ಟು ಓದಿ. ಓದಿ ನಿಮ್ಮ ಅಕ್ಕಪಕ್ಕದವರಿಗೂ ಹೇಳಿ.

2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ನಡೆಯುತ್ತಿದೆ. ಅದರ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಗೆ ಒಂದು ಪೈಸೆ ಕೊಡಬೇಕಾಗಿಲ್ಲ. ಸಿಜೇರಿಯನ್ ಆದರೂ ಕೊಡಬೇಕಾಗಿಲ್ಲ. ಔಷಧಿ, ರಕ್ತ ಪರೀಕ್ಷೆ, ಬೇಕಾದರೆ ರಕ್ತ, ಎಲ್ಲ ಉಚಿತ. ಆಸ್ಪತ್ರೆಯಲ್ಲಿ ಇರುವಷ್ಟು ದಿನ ಊಟವೂ ಉಚಿತ. ಸಹಜ ಹೆರಿಗೆಗೆ 3 ದಿನದವರೆಗೆ, ಸಿಜೇರಿಯನ್‌ಗೆ 7 ದಿನದವರೆಗೆ ಊಟ ಕೊಡಬೇಕು. ಆಸ್ಪತ್ರೆಗೆ ಹೋಗುವ ಗಾಡಿ, ದೊಡ್ಡ ಆಸ್ಪತ್ರೆಗೆ ಕಳಿಸಿದರೆ ಆ ಗಾಡಿ, ವಾಪಸು ಮನೆಗೆ ಬಿಡುವ ಗಾಡಿ, ಇದೂ ಉಚಿತ.

ಹಾಗಿದ್ದ ಮೇಲೆ ಗಂಡು ಹುಟ್ಟಿದರೆ ಇಷ್ಟು, ಹೆಣ್ಣು ಹುಟ್ಟಿದರೆ ಇಷ್ಟು ಅಂತ ಯಾರಾದರೂ ಕೈ ಚಾಚಿದರೆ ಅದು ಖುಷಿಯ ದುಡ್ಡಲ್ಲ. ಅದು ಲಂಚ.

ಇನ್ನೊಂದು ಮುಖ್ಯ ಮಾತು. ಹೆರಿಗೆ ಕೋಣೆಯಲ್ಲಿ ನಿಮ್ಮ ಜೊತೆ ನಿಮ್ಮವರು ಒಬ್ಬರು ಇರಬಹುದು. 2016ರಲ್ಲಿ ಕೇಂದ್ರ ಸರ್ಕಾರ ಇದಕ್ಕೆ ಅನುಮತಿ ಕೊಟ್ಟಿದೆ. ಹೆತ್ತು ಅನುಭವ ಇರುವ ಹೆಂಗಸು ಇರಬಹುದು. ಅಮ್ಮ, ಅತ್ತೆ, ಅಕ್ಕ, ಯಾರಾದರೂ ಸರಿ. ಅವರು ಶುಚಿಯಾದ ಬಟ್ಟೆ ಹಾಕಿರಬೇಕು. ಅಂಟುರೋಗ ಇರಬಾರದು. ಡಾಕ್ಟರ, ನರ್ಸಮ್ಮನ ಕೆಲಸಕ್ಕೆ ಅಡ್ಡ ಬರಬಾರದು. ಬೆನ್ನು ನೀವುವುದು, ನೀರು ಕುಡಿಸುವುದು, ಧೈರ್ಯ ಹೇಳುವುದು ಅವರ ಕೆಲಸ. ಪಕ್ಕದಲ್ಲಿ ನಮ್ಮವರಿದ್ದರೆ ಹೆದರಿಕೆ ಕಡಿಮೆಯಾಗುತ್ತದೆ. ಹೆರಿಗೆಯೂ ಸಲೀಸಾಗುತ್ತದೆ.

ಬೇನೆಯ ಸಮಯದಲ್ಲಿ ಮಲಗಿಯೇ ಇರಬೇಕು ಅಂತ ಇಲ್ಲ. ತೊಂದರೆ ಇಲ್ಲದ ಬಸುರಿ ಓಡಾಡಬಹುದು. ಕೂರಬಹುದು. ನೀರು ಕುಡಿಯಬಹುದು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಇದನ್ನೇ ಹೇಳಿದೆ. ಮಗು ಬೇಗ ಬರಲಿ ಅಂತ ಹೊಟ್ಟೆಯ ಮೇಲೆ ಒತ್ತಬಾರದು ಎಂದೂ ಹೇಳಿದೆ.

ಕೊಯ್ದು ಹೊಲಿಗೆ ಹಾಕಬೇಕಾದರೆ ಮೊದಲು ನಮಗೆ ಹೇಳಬೇಕು. ಮರಗಟ್ಟುವ ಇಂಜೆಕ್ಷನ್ ಕೊಟ್ಟು ಹೊಲಿಯಬೇಕು. ವಂಕಿ ಹಾಕಬೇಕಾದರೆ ನಮ್ಮನ್ನು ಕೇಳಬೇಕು. ನಾವು ಒಪ್ಪಿದರೆ ಮಾತ್ರ ಹಾಕಬೇಕು.

ಹುಟ್ಟಿದ ಮಗುವನ್ನು ತಾಯಿಯ ಎದೆಯ ಮೇಲೆ ಮಲಗಿಸಬೇಕು. ಒಂದು ಗಂಟೆಯ ಒಳಗೆ ಮೊದಲ ಹಾಲು ಕುಡಿಸಬೇಕು. ಹೆರಿಗೆಯಾಗಿ 48 ಗಂಟೆ ಆಸ್ಪತ್ರೆಯಲ್ಲೇ ಇರಬೇಕು. ಯಾಕೆಂದರೆ ರಕ್ತಸ್ರಾವ, ಜ್ವರ, ಫಿಟ್ಸು ಬರುವ ಅಪಾಯ ಆ ಹೊತ್ತಿನಲ್ಲಿ ಹೆಚ್ಚು. "ಹಾಸಿಗೆ ಇಲ್ಲ, ಈಗಲೇ ಹೋಗು" ಅಂದರೆ ಹೋಗಬೇಡಿ. ನಾವೂ "ಮನೇಲಿ ಕೆಲಸ ಇದೆ" ಅಂತ ಓಡಿ ಬರಬಾರದು.

ನರ್ಸಮ್ಮನೂ ಹೆಂಗಸೇ

ಒಂದು ಮಾತು ನ್ಯಾಯವಾಗಿ ಹೇಳಬೇಕು. ಎಲ್ಲ ನರ್ಸಮ್ಮಂದಿರೂ ಕೆಟ್ಟವರಲ್ಲ. ನಮ್ಮಲ್ಲಿ ಇನ್ನೊಬ್ಬ ಅಕ್ಕ ಬೇರೆ ಕಡೆ ಹೆತ್ತರು. ಅಲ್ಲಿನ ನರ್ಸಮ್ಮ ರಾತ್ರಿಯಿಡೀ ಪಕ್ಕದಲ್ಲೇ ಕೂತಿದ್ದರಂತೆ. "ನಿನ್ನ ಹೆಸರೇನಮ್ಮಾ" ಅಂತ ಕೇಳಿ, ಹೆಸರು ಹಿಡಿದೇ ಮಾತಾಡಿಸಿದರಂತೆ. ಆ ಅಕ್ಕ ಇವತ್ತಿಗೂ ಅವರನ್ನು ನೆನೆಯುತ್ತಾರೆ.

ಕೆಲವು ಆಸ್ಪತ್ರೆಯಲ್ಲಿ ಒಂದೇ ರಾತ್ರಿ ಎಂಟು ಹತ್ತು ಹೆರಿಗೆ ಬರುತ್ತವೆ. ನರ್ಸಮ್ಮ ಒಬ್ಬರೇ ಇರುತ್ತಾರೆ. ಅವರಿಗೂ ಊಟವಿಲ್ಲ, ನಿದ್ದೆಯಿಲ್ಲ. ಇದು ನಿಜ. ಆದರೆ ಕೆಲಸ ಹೆಚ್ಚು ಅಂತ ಹೊಡೆಯಬಹುದೇ? ಇಲ್ಲ. ನರ್ಸಮ್ಮಂದಿರು ಕಡಿಮೆ ಇದ್ದರೆ ಹೆಚ್ಚು ಜನ ಕೊಡಿ ಅಂತ ನಾವೂ ಅವರ ಜೊತೆ ಸೇರಿ ಕೇಳಬೇಕು.

ನಾವು ಏನು ಮಾಡಿದೆವು?

ಆ ತಂಗಿಯ ಮಾತು ಕೇಳಿದ ಮೇಲೆ ನಾವು ಸುಮ್ಮನಿರಲಿಲ್ಲ. ನಮ್ಮೂರಿನಲ್ಲಿ ಆ ವರ್ಷ ಹೆತ್ತ ತಾಯಂದಿರ ಮನೆಗೆ ಹೋದೆವು. ಇಬ್ಬಿಬ್ಬರು ಸೇರಿ ಹೋದೆವು. "ಆಸ್ಪತ್ರೆ ಚೆನ್ನಾಗಿತ್ತಾ?" ಅಂತ ಕೇಳಲಿಲ್ಲ. ಹಾಗೆ ಕೇಳಿದರೆ "ಚೆನ್ನಾಗಿತ್ತು" ಅಂತಲೇ ಉತ್ತರ ಬರುತ್ತದೆ. ಅದಕ್ಕೇ ಸಣ್ಣ ಸಣ್ಣ ಪ್ರಶ್ನೆ ಮಾಡಿಕೊಂಡೆವು. ನೋಟುಪುಸ್ತಕದಲ್ಲಿ ನಾವೇ ಬರೆದೆವು. ಹೌದು, ಇಲ್ಲ, ಈ ಎರಡೇ ಉತ್ತರ.

1. ಹೋದ ಕೂಡಲೇ ಯಾರಾದರೂ ನೋಡಿದರೇ?
2. ನಿಮ್ಮ ಹೆಸರು ಹಿಡಿದು ಮಾತಾಡಿಸಿದರೇ?
3. ಪರದೆ ಇತ್ತೇ?
4. ನಿಮ್ಮವರು ಒಬ್ಬರು ಜೊತೆಗಿದ್ದರೇ?
5. ನೀರು ಕೊಟ್ಟರೇ? ಓಡಾಡಲು ಬಿಟ್ಟರೇ?
6. ಏನು ಮಾಡುತ್ತೇವೆ ಅಂತ ಮೊದಲೇ ಹೇಳಿದರೇ?
7. ಬೈದರೇ? ಹೊಡೆದರೇ?
8. ದುಡ್ಡು ಕೇಳಿದರೇ?
9. ಶೌಚಾಲಯ ಶುಚಿಯಾಗಿತ್ತೇ? ನೀರು ಬರುತ್ತಿತ್ತೇ?
10. ಹೆರಿಗೆಯಾದ ಮೇಲೆ ರಕ್ತ ಹೋಗುವುದನ್ನು, ಬಿ.ಪಿ.ಯನ್ನು ಆಗಾಗ ನೋಡಿದರೇ?
11. ನಿಮ್ಮ ಮಗಳನ್ನು ಅದೇ ಆಸ್ಪತ್ರೆಗೆ ಕಳಿಸುತ್ತೀರಾ?

ಕೊನೆಯ ಪ್ರಶ್ನೆ ನೋಡಿ. ಮೊದಲು "ಚೆನ್ನಾಗಿತ್ತು" ಅಂದ ತಾಯಂದಿರೇ ಈ ಪ್ರಶ್ನೆಗೆ ಸುಮ್ಮನಾದರು. "ನನಗಾದ್ರೆ ಸರಿ, ಮಗಳಿಗೆ ಬೇಡ" ಅಂದರು ಒಬ್ಬರು. ತನಗೆ ಸಾಕಾದದ್ದು ಮಗಳಿಗೆ ಸಾಲದು ಅಂದರೆ, ಅದು ಯಾರಿಗೂ ಸಾಲದು ಅಲ್ಲವೇ?

ಆಮೇಲೆ ಒಂದು ಕಾಗದ ಬರೆದೆವು. ಒಳ್ಳೆಯದನ್ನೂ ಬರೆದೆವು. ಔಷಧಿ ಉಚಿತವಾಗಿ ಸಿಕ್ಕಿತು, ಗಾಡಿ ಬಂತು, ಡಾಕ್ಟರಮ್ಮ ಕಾಳಜಿಯಿಂದ ನೋಡಿದರು ಅಂತ ಬರೆದೆವು. ಕೆಟ್ಟದ್ದನ್ನೂ ಬರೆದೆವು. ತಾಯಂದಿರ ಹೆಸರು ಹಾಕಲಿಲ್ಲ. ಕೆಳಗೆ ಹದಿನಾಲ್ಕು ಜನ ಸಹಿ ಹಾಕಿದೆವು. ಒಂದೂ ಹೆಬ್ಬೆಟ್ಟು ಇರಲಿಲ್ಲ.

ಎಲ್ಲರೂ ಒಟ್ಟಿಗೆ ಆಸ್ಪತ್ರೆಗೆ ಹೋದೆವು. ಕೈ ಕಾಲು ನಡುಗುತ್ತಿತ್ತು. ಆಡಳಿತದ ಡಾಕ್ಟರು ಮೊದಲು ಸಿಟ್ಟಾದರು. "ಯಾರು ಹೇಳಿಕೊಟ್ರು ನಿಮಗೆ?" ಅಂದರು. ಅಜ್ಜಿ ಹೇಳಿದರು: "ಯಾರೂ ಹೇಳ್ಕೊಡ್ಲಿಲ್ಲ ಸಾರ್. ನಾವೇ ಬರೆದ್ವಿ. ನೀವೇ ಓದಿ."

ಅವರು ಓದಿದರು. ಎರಡು ಸಲ ಓದಿದರು. ಕಾಗದದ ಪ್ರತಿಗೆ ಸೀಲು ಹಾಕಿ ಕೊಟ್ಟರು.

ಎಲ್ಲ ಸರಿಯಾಯಿತೇ? ಇಲ್ಲ, ಸುಳ್ಳು ಹೇಳುವುದಿಲ್ಲ. ಹೆರಿಗೆ ಕೋಣೆಗೆ ಪರದೆ ಬಂತು. ಜೊತೆಗಿರುವವರಿಗೆ ಒಂದು ಸ್ಟೂಲು ಬಂತು. "ಯಾರಿಗೂ ದುಡ್ಡು ಕೊಡಬೇಡಿ" ಅಂತ ಗೋಡೆಯ ಮೇಲೆ ಬರೆಸಿದರು. ಆದರೆ ಆ ತಂಗಿಗೆ ಹೊಡೆದವರು ತಪ್ಪಾಯಿತು ಅನ್ನಲಿಲ್ಲ. ಎರಡನೇ ನರ್ಸಮ್ಮ ಇನ್ನೂ ಬಂದಿಲ್ಲ. ಅದಕ್ಕೇ ಮತ್ತೊಂದು ಕಾಗದ ಬರೆದಿದ್ದೇವೆ.

ಆ ತಂಗಿ ಈಗ ಎರಡನೇ ಬಸುರಿ. ಮೊನ್ನೆ ಅವಳೇ ಹೇಳಿದಳು: "ಈ ಸಲ ನಮ್ಮಮ್ಮ ಒಳಗೇ ಇರ್ತಾಳೆ. ನಾನು ಕೇಳಿ ಬಂದಿದ್ದೀನಿ." ಅವಳ ದನಿಯಲ್ಲಿ ಹೆದರಿಕೆ ಇರಲಿಲ್ಲ.

ನೀವು ಏನು ಮಾಡಬಹುದು?

ತಾಯಿ ಕಾರ್ಡನ್ನು ಓದಿ. ಅದು ನಿಮ್ಮ ಕಾರ್ಡು. ನಿಮ್ಮ ರಕ್ತದ ಅಂಶ, ಬಿ.ಪಿ., ತೂಕ, ಎಲ್ಲ ಅದರಲ್ಲಿ ಇದೆ. ಬರೆದಿಲ್ಲದಿದ್ದರೆ ಬರೆಯಿರಿ ಅಂತ ಕೇಳಿ.

ಜೊತೆಗೆ ಯಾರು ಇರಬೇಕು ಅಂತ ಮೊದಲೇ ಯೋಚಿಸಿ. ಎಂಟನೇ ತಿಂಗಳಿನಲ್ಲೇ ಆಸ್ಪತ್ರೆಯಲ್ಲಿ ಕೇಳಿ ಬನ್ನಿ. ಬೇನೆ ಬಂದರೆ 108ಕ್ಕೆ ಫೋನ್ ಮಾಡಿ.

ತಪ್ಪು ನಡೆದರೆ ಬರೆಯಿರಿ. ಒಬ್ಬರೇ ಹೋಗಬೇಡಿ, ಸಂಘದವರೆಲ್ಲ ಹೋಗಿ. ಮೊದಲು ಆಸ್ಪತ್ರೆಯ ಡಾಕ್ಟರಿಗೆ ಕೊಡಿ. ಆರೋಗ್ಯ ರಕ್ಷಾ ಸಮಿತಿಗೆ ಕೊಡಿ. ಆಗದಿದ್ದರೆ ತಾಲ್ಲೂಕು ಆರೋಗ್ಯ ಅಧಿಕಾರಿಗೆ, ಜಿಲ್ಲಾ ಆರೋಗ್ಯ ಅಧಿಕಾರಿಗೆ ಕೊಡಿ. ಗ್ರಾಮಸಭೆಯಲ್ಲಿ ಎದ್ದು ಹೇಳಿ. ಲಂಚ ಕೇಳಿದರೆ ಲೋಕಾಯುಕ್ತಕ್ಕೆ ದೂರು ಕೊಡಬಹುದು. ಕಾಗದದ ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.

ಒಳ್ಳೆಯದು ನಡೆದರೂ ಹೇಳಿ. ಒಳ್ಳೆಯ ನರ್ಸಮ್ಮನ ಹೆಸರು ಹೇಳಿ ಹೊಗಳಿ. ಅವರಿಗೂ ಹುರುಪು ಬರುತ್ತದೆ.

2017ರಲ್ಲಿ ಕೇಂದ್ರ ಸರ್ಕಾರ "ಲಕ್ಷ್ಯ" ಅನ್ನುವ ಕಾರ್ಯಕ್ರಮ ಶುರು ಮಾಡಿತು. ಹೆರಿಗೆ ಕೋಣೆಗಳು ಸುಧಾರಿಸಬೇಕು ಅನ್ನುವುದು ಅದರ ಗುರಿ. ತಾಯಂದಿರಿಗೆ ತೃಪ್ತಿ ಆಯಿತೇ ಅಂತಲೂ ಅದರಲ್ಲಿ ನೋಡುತ್ತಾರೆ. ಅಂದರೆ ನಮ್ಮ ಮಾತಿಗೆ ಬೆಲೆ ಇದೆ. ನಾವು ಹೆದರಿ "ಚೆನ್ನಾಗಿತ್ತು" ಅಂದರೆ, ಕಾಗದದಲ್ಲಿ ಎಲ್ಲ ಚೆನ್ನಾಗಿಯೇ ಇರುತ್ತದೆ. ನಮ್ಮ ನಂತರ ಹೋಗುವ ತಂಗಿ ಅದೇ ಹೊಡೆತ ತಿನ್ನುತ್ತಾಳೆ.

ಹೆರಿಗೆ ಅಂದರೆ ಹೆಣ್ಣಿಗೆ ಮರುಹುಟ್ಟು ಅಂತಾರೆ. ಮರುಹುಟ್ಟು ಪಡೆಯುವ ಹೆಣ್ಣಿಗೆ ಬೈಗುಳದ ಸ್ವಾಗತ ಬೇಡ. ಜೀವವೂ ಉಳಿಯಲಿ, ಮರ್ಯಾದೆಯೂ ಉಳಿಯಲಿ.

ಇನ್ನು ಮೇಲೆ ಯಾರಾದರೂ "ಆಸ್ಪತ್ರೆ ಹೇಗಿತ್ತು?" ಅಂತ ಕೇಳಿದರೆ ಒಂದು ಗಳಿಗೆ ನಿಲ್ಲಿ. ಯೋಚಿಸಿ. ಚೆನ್ನಾಗಿದ್ದರೆ ಚೆನ್ನಾಗಿತ್ತು ಅನ್ನಿ. ಇಲ್ಲದಿದ್ದರೆ ಇಲ್ಲ ಅನ್ನಿ. ನಿಜ ಹೇಳಿ. ನಿಜ ಬರೆಯಿರಿ. ನಾವು ಅಕ್ಷರ ಕಲಿತದ್ದು ಅದಕ್ಕೇ ಅಲ್ಲವೇ?

ನಮ್ಮ ಮಾತು ಇಲ್ಲಿಗೆ ಮುಗಿಯಿತು. ಈಗ ನಿಮ್ಮ ಸರದಿ. ನಿಮ್ಮ ಹೆರಿಗೆಯ ಕಥೆ ಹೇಳಿ. ನಾವು ಕೇಳ್ತೀವಿ.